‘ಬಂದದ’ ಎನ್ನುವುದನ್ನು ಬಿಟ್ಟ ವಿದ್ಯಾವತಿ

ಬೆಳಗಿನ ಐದೂವರೆ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ, ಬಿಳೂರ ದಾಟಿದ ಮೇಲೆ ಸಿಗುವ ವಿದ್ಯುತ್ ಉಪಕೇಂದ್ರದಲ್ಲಿ ವಿದ್ಯಾವತಿ ಸ್ವಿಚ್ಚಿನ ಹಿಡಿಕೆಯನ್ನು ಕೆಳಕ್ಕೆಳೆಯುತ್ತಾರೆ. ಎಳೆದದ್ದನ್ನು ನಂಬದೆ, ಮೀಟರಿನ ಮುಳ್ಳು ಸೊನ್ನೆಗೆ ಬಂತೇ ಎಂದು ಬಗ್ಗಿ ನೋಡುತ್ತಾರೆ. ಆಮೇಲೆ ಎರಡನೇ ಹಿಡಿಕೆ, ಎರಡನೇ ಮುಳ್ಳು. ಎರಡಕ್ಕೂ ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಗಂಟು ಹಾಕಿದ ಮೇಲೆಯೇ ಫೋನಿನಲ್ಲಿ ಬಾಯಿ ಬಿಡುತ್ತಾರೆ.

“ಮಹಾಂತ, ಸೋನ್ಯಾಳ ಲೈನ್ ಸತ್ತದ, ಸತ್ತದ. ನಾ ಏನಂದೆ, ಹೇಳು.”

“ಸತ್ತದ್ರಿ ಅಕ್ಕಾರ.”

ಹದಿನಾಲ್ಕು ಕಿಲೋಮೀಟರ್ ಆಚೆ ಸೋನ್ಯಾಳ ಊರಲ್ಲಿ ಲೈನ್‌ಮನ್ ಮಹಾಂತ ಕಂಬ ಏರತೊಡಗುತ್ತಾನೆ. ಅವನು ಇಳಿದು ಮತ್ತೆ ಫೋನ್ ಮಾಡುವವರೆಗೆ ವಿದ್ಯಾವತಿ ಕೂರುವುದಿಲ್ಲ, ಚಹಾ ಮುಟ್ಟುವುದಿಲ್ಲ. ಕೀಲಿಯ ಗಂಟನ್ನು ಮೂರು ಸಲ ಮುಟ್ಟಿ ನೋಡಿಕೊಳ್ಳುತ್ತಾರೆ. “ನನಗ ಭಾಳ ಅಂಜಿಕಿರಿ. ಅಂಜಿಕಿಲ್ಲ ಅಂದ್ರ ಸುಳ್ಳು ಹೇಳಿದಂಗ ಆಗ್ತದ,” ಎನ್ನುತ್ತಾರೆ.

ಬೆಳುಂಕಿ ಊರಿನ ಮಗಳು ವಿದ್ಯಾವತಿಗೆ ಈಗ ನಲವತ್ತೆರಡು. ಐಟಿಐ ಮುಗಿಸಿ ಈ ನೌಕರಿಗೆ ಸೇರಿ ಹದಿನಾರು ವರ್ಷ. ಒಂದು ಪಾಳಿಯೆಂದರೆ ಎಂಟು ತಾಸು, ಆರು ಲೈನು. ತಾಸಿಗೊಮ್ಮೆ ಎಲ್ಲ ಮುಳ್ಳುಗಳನ್ನೂ ಓದಿ ಬರೆಯಬೇಕು, ದಿನಕ್ಕೆ ನಲವತ್ತೆಂಟು ಅಂಕಿ. ಫೋನು ಮೂವತ್ತಕ್ಕೆ ಕಡಿಮೆಯಿಲ್ಲ, ಅದರಲ್ಲಿ ಇಪ್ಪತ್ತು ಬರೀ ಬೈಗಳು. ಬೋರಿನ ಪಂಪು ನಿಂತರೆ ಊರವರ ಕಣ್ಣಿಗೆ ಕಾಣುವ ಸರಕಾರವೆಂದರೆ ಇವರೊಬ್ಬರೇ. ಬೈದವರ ಹೆಸರನ್ನು ಇವರು ನೆನಪಿಡುವುದಿಲ್ಲ, ಲೈನು ಯಾವುದು ಎಂದಷ್ಟೇ ಕೇಳುತ್ತಾರೆ.

ಈ ಹೆದರಿಕೆ ಮೊದಲಿಂದ ಇದ್ದದ್ದಲ್ಲ. ಹಿಂದೆ ಇಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಘಟ್ಟದ ಕಡೆಯ ಅಣೆಕಟ್ಟಿನ ವಿದ್ಯುತ್ತು, ಅದೂ ಒಂದೇ ದಾರಿಯಿಂದ. ಹೋಯಿತೆಂದರೆ ಎಲ್ಲೆಡೆ ಹೋಯಿತು. ಈಗ ಅಣೆಕಟ್ಟಿನಲ್ಲಿ ನೀರು ಇಳಿದು, ಅಲ್ಲಿಂದ ಬರುವುದು ಅರ್ಧಕ್ಕೆ ಬಂದಿದೆ. ಉಳಿದರ್ಧ ಎಲ್ಲಿಂದ ತರಬೇಕು? ಹಗಲು ಮಾಳದ ಮೇಲಿನ ಸೋಲಾರ್, ಸಂಜೆಗೂ ನಸುಕಿಗೂ ಗುಡ್ಡದ ಗಾಳಿಯಂತ್ರ ಎಂದು ಮೇಲಿನವರು ಯೋಜನೆ ಮಾಡಿದರು. ಆದರೆ ಯಾವ ಊರಿಗೆ ಎಷ್ಟು ಹೊತ್ತಿಗೆ ಯಾವುದನ್ನು ಜೋಡಿಸಬೇಕು, ಎಲ್ಲಿ ಹಿಟ್ಟಿನ ಗಿರಣಿ ಏಳಕ್ಕೇ ಶುರುವಾಗುತ್ತದೆ ಎಂಬುದು ಮೇಲಿನವರಿಗೆ ಹೇಗೆ ಗೊತ್ತಿರಬೇಕು! ಆ ಪಾಳಿ ಪಟ್ಟಿಯನ್ನು ಹದಿನಾರು ವರ್ಷದ ತನ್ನ ಅಂಕಿಗಳಿಂದ ಹೆಕ್ಕಿ ಬರೆದವರು ವಿದ್ಯಾವತಿ. ಯೋಜನೆಯ ಕಾಗದದಲ್ಲಿ ಇವರ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ಹೀಗೆ ಸೋನ್ಯಾಳದ ಲೈನಿಗೆ ಎರಡು ಬಾಯಿಯಾದವು, ಒಂದು ಅಣೆಕಟ್ಟಿನ ಕಡೆಗೆ, ಇನ್ನೊಂದು ಗಾಳಿಯಂತ್ರದ ಕಡೆಗೆ. ಪಟ್ಟಿ ಜಾರಿಯಾದ ಮೊದಲ ವಾರವೇ ಅನಾಹುತ ಹೊಸ್ತಿಲ ತನಕ ಬಂತು.

ಅಂದು ನಸುಕಿನಲ್ಲಿ ಅಣೆಕಟ್ಟಿನ ಕಡೆಯ ವಿದ್ಯುತ್ ಹೋಗಿತ್ತು. ತಂತಿಯಡಿಯ ಒಡೆದ ಪಿಂಗಾಣಿ ಗುಂಡು ಬದಲಿಸಲು ಮಹಾಂತ ಸೋನ್ಯಾಳದ ಕಂಬದ ಬುಡದಲ್ಲಿ ನಿಂತು ಫೋನ್ ಮಾಡಿದ. ಅಷ್ಟರಲ್ಲಿ ಪಟ್ಟಿಯ ಪ್ರಕಾರ ಗಾಳಿಯಂತ್ರದ ವಿದ್ಯುತ್ ಆ ಲೈನಿಗೆ ಹರಿದಿತ್ತು. ವಿದ್ಯಾವತಿ ಎಚ್ಚರಿಸಲೆಂದೇ ಅಂದರು, “ಸೋನ್ಯಾಳ ಲೈನ್ ಬಂದದ.” ಅಂದರೆ ಬಂದಿದೆ, ಮುಟ್ಟಬೇಡ. ಮಹಾಂತನ ಕಿವಿಗೆ ಬಿದ್ದದ್ದೂ ಅದೇ ಮಾತು, ಆದರೆ ‘ಬಂದ್ ಅದ’. ಅಂದರೆ ನಿಂತಿದೆ, ಏರು. ಕನ್ನಡದ ಬರುವುದೂ ಮರಾಠಿಯ ಬಂದ್ ಆಗುವುದೂ ಜತ್ತ ಸೀಮೆಯ ನಾಲಿಗೆಯ ಮೇಲೆ ಒಂದೇ ಆಗಿಬಿಡುತ್ತವೆ. ಆಡುತ್ತ ಬೆಳೆದವರಿಗೆ ಅದು ಎಂದೂ ತೊಡಕಾಗಿರಲಿಲ್ಲ, ಎದುರಿಗಿದ್ದ ದೀಪ ನೋಡಿದರೆ ಯಾವುದೆಂದು ತಿಳಿಯುತ್ತಿತ್ತು.

ಫೋನು ಕಡಿಯದೆ ಕಿಸೆಗಿಟ್ಟು ಅವನು ಏರಿದ. ಕೈ ಹಚ್ಚುವ ಮೊದಲು ತಂತಿಗೆ, ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಪಳಿ ಎಸೆಯುವ ರೂಢಿ ಅವನಿಗಿತ್ತು. ಅದೊಂದೇ ಅವನನ್ನು ಉಳಿಸಿದ್ದು. ಸರಪಳಿ ತಾಗಿದ್ದೇ ತಡ, ಬೆಂಕಿ ಕಾರಿ ಸಿಡಿಯಿತು. ಉಪಕೇಂದ್ರದಲ್ಲಿ ಸ್ವಿಚ್ ತಾನೇ ಕಳಚಿಕೊಂಡಿತು.

“ಆ ಸಪ್ಪಳ ಫೋನಿನಾಗ ಕೇಳಿಸ್ತುರಿ. ಮಹಾಂತ, ಮಹಾಂತ ಅಂತ ಒದರಿದೆ. ಎಷ್ಟೋ ಹೊತ್ತಿನ ಮ್ಯಾಲ, ಅಕ್ಕಾರ ನಾ ಅದೀನಿ ಅಂದ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ವಿದ್ಯಾವತಿ ಆ ಎರಡೂ ಮಾತನ್ನು ಬಿಟ್ಟರು. ಲೈನು ಒಂದೋ ಸತ್ತದ, ಇಲ್ಲವೇ ಜೀವ ಅದ. ‘ಮಲಗ್ಯಾದ’ ಅನ್ನೋಣವೆಂದು ಜೊತೆಯವರೊಬ್ಬರು ಮೆತ್ತಗೆ ಹೇಳಿ ನೋಡಿದರಂತೆ. ಮಲಗಿದ್ದು ಏಳುತ್ತದೆ, ಬೇಡ ಎಂದರು ಇವರು.

ತಾಲೂಕಿನ ಸಭೆಯಲ್ಲಿ ಈ ವಿಷಯ ಎತ್ತಿದಾಗ ಮರಾಠಿಯ ಸಾಹೇಬರು ನಕ್ಕರು. ಬಂದ್ ಎಂದರೆ ಬಂದ್, ಅದರಲ್ಲೇನು ಗೊಂದಲ ಎಂಬುದು ಅವರ ಪ್ರಶ್ನೆ. ವಿದ್ಯಾವತಿ ವಾದಕ್ಕೆ ಇಳಿಯಲಿಲ್ಲ. ಕೂತಿದ್ದ ಲೈನ್‌ಮನ್‌ಗಳತ್ತ ತಿರುಗಿ “ಲೈನ್ ಬಂದದ” ಎಂದು ಒಂದು ಸಲ ಹೇಳಿ, ಈಗ ಕಂಬ ಏರುವವರು ಕೈ ಎತ್ತಿ ಎಂದರು. ಇಪ್ಪತ್ತೆರಡು ಜನರಲ್ಲಿ ಒಂಬತ್ತು ಕೈ ಮೇಲೆದ್ದವು. ಸಾಹೇಬರ ನಗು ಅಲ್ಲೇ ನಿಂತಿತು. ಯೋಜನೆಯ ಕಾಗದದಲ್ಲಿ ಈಗ ವಿದ್ಯಾವತಿಯ ‘ಸತ್ತದ’, ‘ಜೀವ ಅದ’ ಎಂಬ ಎರಡು ಮಾತುಗಳಿವೆ. ಅಷ್ಟಾದರೂ ಆ ಒಂಬತ್ತು ಕೈಗಳು ಕಣ್ಣಿಗೆ ಕಟ್ಟಿದಂತಿವೆ ಎನ್ನುತ್ತಾರೆ. ಮುಂದಿನ ತಿಂಗಳು ಸಕ್ಕರೆ ಕಾರ್ಖಾನೆಯ ವಿದ್ಯುತ್ತೂ ಬರಲಿದೆ, ಅದೇ ಲೈನಿಗೆ ಮೂರನೇ ಬಾಯಿ.

ಹೊಸ ಮಾತಿಗೆ ಮೊದಲು ಸಿಟ್ಟಾದವಳು ಮಹಾಂತನ ಹೆಂಡತಿ ಸಿದ್ದವ್ವ. ಬೆಳಗಾಗುತ್ತಲೇ ಗಂಡನ ಫೋನಿನಲ್ಲಿ ಸತ್ತದ ಎಂದರೆ ಯಾವ ಹೆಣ್ಣು ತಡೆದಾಳು? ಜಗಳಕ್ಕೆಂದೇ ಉಪಕೇಂದ್ರಕ್ಕೆ ಬಂದಳು. ಸರಪಳಿ ಸಿಡಿದದ್ದನ್ನು ಮಹಾಂತ ಮನೆಯಲ್ಲಿ ಹೇಳಿರಲೇ ಇಲ್ಲ. ವಿದ್ಯಾವತಿ ಅವಳನ್ನು ಕೂಡಿಸಿ, ತನ್ನ ಬಾಯಿಂದಾದ ತಪ್ಪನ್ನು ಏನೂ ಮುಚ್ಚಿಡದೆ ಹೇಳಿದರು. ಸಿದ್ದವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎದ್ದು ಬಾಗಿಲ ತನಕ ಹೋಗಿ ತಿರುಗಿ ನಿಂತಳು.

“ಹಂಗಾದ್ರ ಅಕ್ಕಾರ, ಎರಡ ಸಲ ಅನ್ರಿ.”

“ಅವತ್ತಿಂದ ಎರಡ ಸಲ ಅಂತೀನ್ರಿ,” ಎನ್ನುತ್ತಾರೆ ವಿದ್ಯಾವತಿ. “ಒಂದು ಅವನಿಗಿ, ಇನ್ನೊಂದು ಆಕಿಗಿ.”