ನೀರಗಂಟಿ ಪಾಲಣ್ಣನ ಚಂಡವೀರ

ಪಾಲಣ್ಣನಿಗೆ ಸಿಟ್ಟು ಬಂದರೆ ಬಯ್ಯುತ್ತಿರಲಿಲ್ಲ, ತಾಳ ತಟ್ಟುತ್ತಿದ್ದ. ಗೂಟಕ್ಕೆ ನೇತುಹಾಕಿದ್ದ ಕಂಚಿನ ತಾಳ ಕೆಳಗಿಳಿದು ಸದ್ದು ಮಾಡಿತೆಂದರೆ ಬಸವಾಪಟ್ಟಣದ ಅವನ ಕೇರಿಯವರು, ಮೇಷ್ಟ್ರ ತಲೆ ಇವತ್ತು ನೆಟ್ಟಗಿಲ್ಲ ಎಂದು ಆಚೆ ದಾರಿ ಹಿಡಿಯುತ್ತಿದ್ದರು. ಹನ್ನೆರಡು ವರ್ಷದಿಂದ ಆ ಸಿಟ್ಟು ಇಳಿದಿರಲಿಲ್ಲ. ಇಳಿಯುವಂಥ ಸಿಟ್ಟೂ ಅದಲ್ಲ. ಕೇಳಿದ ಮೇಲೆ ನೀವೇ ಹೇಳಿ.

ಅವನು ಹುಟ್ಟಿದ್ದು ಜಗಳೂರಿನ ಆಚೆ ಕಾರೇಹಟ್ಟಿಯಲ್ಲಿ. ಅಜ್ಜ ನೀರಗಂಟಿ, ಅಪ್ಪ ನೀರಗಂಟಿ, ಇವನೂ ನೀರಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಿ, ಮತ್ತೆ ತೂಬು ಇಳಿಸುವುದು ಅವನ ಕೆಲಸ. ಮಳೆ ಲೆಕ್ಕ ಹಾಕಿ ಬೀಳುವ ಆ ಸೀಮೆಯಲ್ಲಿ ನೀರಗಂಟಿಯ ಮಾತಿಗೆ ಊರಗೌಡನೂ ಎದುರಾಡುತ್ತಿರಲಿಲ್ಲ. ೧೯೩೧ರ ಬೇಸಿಗೆಯಲ್ಲಿ ಗೌಡ ಬಂಗಾರಪ್ಪನ ತಮ್ಮ ಗಿಡ್ಡಪ್ಪ, ತನ್ನ ಎಲೆಬಳ್ಳಿ ತೋಟ ಒಣಗುತ್ತಿದೆಯೆಂದು ಯಾರಿಗೂ ಹೇಳದೆ ತೂಬು ಎತ್ತಿದ. ಎತ್ತುವುದು ಗೊತ್ತಿತ್ತು, ಇಳಿಸುವುದು ಗೊತ್ತಿರಲಿಲ್ಲ. ತೂಬಿನ ಕಲ್ಲು ಜಾರಿತು. ಬೆಳಗಾಗುವಷ್ಟರಲ್ಲಿ ಕೆರೆಯಲ್ಲಿ ಉಳಿದದ್ದು ಕೆಸರು, ಕೆಸರಿನಲ್ಲಿ ಒದ್ದಾಡುವ ಮೀನು.

ಗೌಡ ಪಾಲಣ್ಣನನ್ನು ಮನೆಗೆ ಕರೆಸಿ ಎರಡೂ ಕೈ ಹಿಡಿದುಕೊಂಡ. ತಮ್ಮನಿಗೆ ಹೆಣ್ಣು ಗೊತ್ತಾಗಿದೆ, ಈಗ ಮರ್ಯಾದೆ ಹೋದರೆ ಮದುವೆ ಮುರಿಯುತ್ತದೆ, ಊರ ಕೂಟದಲ್ಲಿ ತಪ್ಪು ನಿನ್ನ ಮೇಲೆ ಬಂದರೂ ನೀನು ಸುಮ್ಮನಿದ್ದುಬಿಡು, ಮುಂಗಾರು ಬಿದ್ದ ಮೇಲೆ ಊರೆದುರು ನಾನೇ ಸತ್ಯ ಹೇಳುತ್ತೇನೆ ಎಂದ. ದೊಡ್ಡವರ ಮಾತೆಂದು ಪಾಲಣ್ಣ ನಂಬಿದ. ಕೂಟದಲ್ಲಿ ತಲೆ ತಗ್ಗಿಸಿ ನಿಂತ. ಪಂಚರು ಅವನಿಗೆ ಊರ ಬೆಂಕಿ, ಊರ ನೀರು ಎರಡನ್ನೂ ನಿಲ್ಲಿಸಿದರು. ಇಡೀ ಊರಿಗೆ ನೀರು ಹಂಚಿದವನಿಗೆ ಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕು ಇಲ್ಲ! ಮುಂಗಾರು ಬಿತ್ತು, ಹಿಂಗಾರೂ ಬಿತ್ತು, ಗಿಡ್ಡಪ್ಪನ ಮದುವೆಯೂ ಆಯಿತು. ಗೌಡನ ಬಾಯಿ ಮಾತ್ರ ತೆರೆಯಲಿಲ್ಲ. ಪಾಲಣ್ಣ ಹೆಂಡತಿ ಉಚ್ಚಂಗೆಮ್ಮನ ಜೊತೆ ನಡೆದುಕೊಂಡೇ ಸಂತೇಬೆನ್ನೂರು ದಾಟಿ ಬಸವಾಪಟ್ಟಣ ಸೇರಿದ.

ಅಲ್ಲಿ ಕೂಲಿಗೆ ಅಡಿಕೆ ಸುಲಿಯುತ್ತ ಕೂತಾಗ ಹಾಡುತ್ತಿದ್ದ. ಚಿಕ್ಕಂದಿನಲ್ಲಿ ಬಯಲಾಟದಲ್ಲಿ ಕುಣಿದವನು, ಪದಗಳು ಬಾಯಲ್ಲೇ ಇದ್ದವು. ಕೇಳಿದವರು ಒಂದು ಆಟ ಕಲಿಸಿಕೊಡಿ ಎಂದರು. ಒಂದು ಹತ್ತಾಯಿತು. ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯತೊಡಗಿದರು. ನೀರಗಂಟಿ ಹೋಗಿ ಆಟದ ಮೇಷ್ಟ್ರು ಆದ. ಎಲ್ಲಿ ಹೋದರೂ ಅವನ ಮನಸ್ಸು ಒಂದೇ ಕಡೆ ತಿರುಗುತ್ತಿತ್ತು. ಪಾಪ, ಊರಿನವರಿಗೆ ಏನು ಗೊತ್ತು, ಗೊತ್ತಾದ ದಿನ ಓಡಿ ಬಂದು ಕರೆಯುತ್ತಾರೆ ಎಂದುಕೊಳ್ಳುತ್ತಿದ್ದ. ಸಿಟ್ಟೆಲ್ಲ ಆ ಅಣ್ಣತಮ್ಮಂದಿರ ಮೇಲೆ. ಊರಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ.

೧೯೪೩ರ ಸುಗ್ಗಿ ಮುಗಿದ ಮೇಲೆ ಕಾರೇಹಟ್ಟಿಯ ಅಂಜಿನಪ್ಪ ಅವನ ಮನೆ ಬಾಗಿಲಿಗೆ ಬಂದ. ಅವರ ಊರಿನ ಆಟದ ಮೇಷ್ಟ್ರು ತೀರಿಹೋಗಿದ್ದರಂತೆ. ಚಂಡವೀರನ ಆಟ ಕಲಿಸಿಕೊಡಬೇಕಂತೆ.

"ಅದೆಲ್ಲ ಹಳೇದಾತು ಬಿಡ್ರಿ ಮೇಷ್ಟ್ರೆ," ಎಂದ ಅಂಜಿನಪ್ಪ. "ಈಗ ಯಾರೂ ಏನೂ ಅನ್ನಲ್ಲ, ಬರ್ರಿ."

ಯಾರೂ ಏನೂ ಅನ್ನುವುದಿಲ್ಲವಂತೆ. ತಪ್ಪು ಮಾಡಿದವನನ್ನು ದೊಡ್ಡ ಮನಸ್ಸಿನಿಂದ ಮನ್ನಿಸಿದ ಹಾಗೆ ಹೇಳಿದ ಪುಣ್ಯಾತ್ಮ. ಚಂಡವೀರನ ವೇಷ ಯಾರದು ಎಂದು ಪಾಲಣ್ಣ ಕೇಳಿದ. ಗಿಡ್ಡಪ್ಪನದು ಎಂಬ ಉತ್ತರ ಬಂತು. ಪಾಲಣ್ಣ ಎದ್ದು ತಾಳ ತೆಗೆದುಕೊಂಡ.

ಆ ಆಟದ ಕಥೆ ಅರ್ಧ ಮಾತ್ರ ಉಳಿದಿತ್ತು. ಮಾಣಿಕ್ಯಪುರದಿಂದ ಗಡಿಪಾರಾದ ಚಂಡವೀರ ಕಾಡಿನಲ್ಲಿ ಏಳು ಹೆಡೆಯ ಸರ್ಪವನ್ನು ಕೊಂದು, ಅದರ ಹೊಟ್ಟೆಯಲ್ಲಿದ್ದ ಬೆಳಕಿನ ಕತ್ತಿ ಪಡೆಯುತ್ತಾನೆ. ರಾಜ ತಪ್ಪೊಪ್ಪಿಕೊಂಡು ಅವನನ್ನು ವಾಪಸು ಕರೆಯುತ್ತಾನೆ. ಆದರೆ ಗಡಿಪಾರಾದದ್ದು ಯಾಕೆ? ಅದು ಸತ್ತ ಮೇಷ್ಟ್ರ ಜೊತೆ ಮಣ್ಣಾಗಿತ್ತು. ಅದಿಲ್ಲದೆ ಆಟ ಆಡುವಂತಿಲ್ಲ. ಬಯಲಾಟದಲ್ಲಿ ಯಾವ ವೇಷವೂ ಬಂದ ಕೂಡಲೆ ಕಥೆಗೆ ಇಳಿಯುವುದಿಲ್ಲ. ಇಬ್ಬರು ಹಿಡಿದ ಪರದೆಯ ಹಿಂದೆ ಕುಣಿದು ಮುಂದೆ ಬಂದವನನ್ನು ಸಾರಥಿ ತಡೆದು, ನೀನು ಯಾರು, ಎಲ್ಲಿಯವನು, ಇಲ್ಲಿಗೇಕೆ ಬಂದೆ ಎಂದು ಕೇಳುತ್ತಾನೆ. ವೇಷಧಾರಿ ತನ್ನ ಕಥೆ ತಾನೇ ಹೇಳಬೇಕು. ಸಾರಥಿ ಕಲಿಸದ ಪ್ರಶ್ನೆ ಕೇಳಿದರೂ ಉತ್ತರ ಕೊಡಲೇಬೇಕು, ಕೊಡದಿದ್ದರೆ ಗೆಜ್ಜೆಗೆ ಅವಮಾನ. ಪಾಲಣ್ಣ ಕಲಿಸಿದ ಆಟಗಳಲ್ಲಿ ಸಾರಥಿ ಯಾವಾಗಲೂ ಅವನೇ.

ಬರಲು ಒಪ್ಪಿದ ಪಾಲಣ್ಣ ಅಂಜಿನಪ್ಪನಲ್ಲಿ ಒಂದು ವಾರ ಟೈಮು ಕೇಳಿ ಚಂಡವೀರನ ಹಿಂದಿನ ಕಥೆ ಕಟ್ಟಲು ಕೂತ. ಮೊದಲ ದಿನ ಚಂಡವೀರ ಕಾವಲಿನಲ್ಲಿ ಕುಡಿದು ಮಲಗಿದ. ರೊಟ್ಟಿ ತಟ್ಟುತ್ತಿದ್ದ ಉಚ್ಚಂಗೆಮ್ಮ, ಕುಡುಕನ ಸಲುವಾಗಿ ಜನ ಯಾಕೆ ಮರುಗಬೇಕು ಎಂದಳು. ಎರಡನೆಯ ದಿನ ಮಲತಾಯಿ ಚಾಡಿ ಹೇಳಿದಳು. ಇನ್ನೊಬ್ಬ ಮಲತಾಯಿಯೇ ಎಂದು ಉಚ್ಚಂಗೆಮ್ಮ ನಕ್ಕಳು. ಮೂರನೆಯ ದಿನ ಅವನು ಯುದ್ಧದಲ್ಲಿ ಬೆನ್ನು ತೋರಿಸಿ ಓಡಿದ. ಗಿಡ್ಡಪ್ಪನ ಬಾಯಲ್ಲಿ 'ನಾನು ಹೇಡಿ' ಅನ್ನಿಸುವ ಆಸೆಯೇನೋ ಇತ್ತು, ಆದರೆ ಹೇಡಿಗೆ ಸರ್ಪ ಕೊಲ್ಲಲು ಎಲ್ಲಿಂದ ಧೈರ್ಯ ತರುವುದು? ಪಾಲಣ್ಣ ತಾಳ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡ.

ನಾಲ್ಕನೆಯ ದಿನ ಉಚ್ಚಂಗೆಮ್ಮ ಒಲೆ ಮುಂದಿನಿಂದ ಎದ್ದು ಬಂದು ಎದುರಿಗೆ ಕೂತಳು. "ಯಾರ್ಯಾರ್ದೋ ಕಥೆ ಯಾಕ್ ಹುಡುಕ್ತೀರಿ? ನಿಮ್ದೇ ಐತಲ್ಲ," ಎಂದಳು.

ಅವತ್ತು ಒಂದೇ ಕೂತಿನಲ್ಲಿ ಕಥೆ ಮುಗಿಯಿತು. ಮಾಣಿಕ್ಯಪುರಕ್ಕೆ ಒಂದೇ ಅಮೃತದ ಕೊಳ. ಅದರ ಬಾಗಿಲ ಕಾವಲು ಚಂಡವೀರನದು. ರಾಜನ ತಮ್ಮ ತನ್ನ ಹೂದೋಟಕ್ಕೆಂದು ಕದ್ದು ಬಾಗಿಲು ತೆರೆದ, ಕೊಳ ಬರಿದಾಯಿತು. ರಾಜ ಬಂದು, ಸುಮ್ಮನಿರು, ಮಳೆಗಾಲಕ್ಕೆ ಸತ್ಯ ಹೇಳುತ್ತೇನೆ ಎಂದ. ಚಂಡವೀರ ಸುಮ್ಮನಿದ್ದ. ಆ ಮೌನಕ್ಕೆ ಅವನ ಕತ್ತಿ ಹೋಯಿತು, ಹೆಸರು ಹೋಯಿತು, ಊರು ಹೋಯಿತು. ರಾಜನ ತಮ್ಮನಿಗೆ ಪಾಲಣ್ಣ ಬೇಕೆಂದೇ ಹೆಸರಿಡಲಿಲ್ಲ.

ಕಾರೇಹಟ್ಟಿಯಲ್ಲಿ ಎರಡು ತಿಂಗಳು ತಾಲೀಮು ನಡೆಯಿತು. ಮೊದಲ ದಿನ ಕಥೆ ಕೇಳಿದ ಕೂಡಲೆ ಗಿಡ್ಡಪ್ಪನ ಮುಖ ಕಪ್ಪಿಡುತ್ತದೆ, ಕಾಲಿಗೆ ಬೀಳುತ್ತಾನೆ, ಇಲ್ಲವೆ ಹೊಡೆಯಲು ಬರುತ್ತಾನೆ ಎಂದು ಪಾಲಣ್ಣ ಕಾದಿದ್ದ. ಆದದ್ದು ಎರಡೂ ಅಲ್ಲ. ಗಿಡ್ಡಪ್ಪ ಕಣ್ಣೀರು ಹಾಕಿದ! ಎಂಥ ಅನ್ಯಾಯ ಮೇಷ್ಟ್ರೆ ಇದು ಎಂದು ಶಲ್ಯದಲ್ಲಿ ಮೂಗು ಒರೆಸಿಕೊಂಡ. ತೂಬು ಕೆಡಿಸಿದ್ದು ನೀರಗಂಟಿ ಎಂದು ಹನ್ನೆರಡು ವರ್ಷ ಹೇಳಿ ಹೇಳಿ ಅದನ್ನೇ ನಿಜವೆಂದು ನಂಬಿಬಿಟ್ಟಿದ್ದ ಅವನು. ಪಾಲಣ್ಣ ಜೋರಾಗಿ ತಾಳ ತಟ್ಟತೊಡಗಿದ. ತನ್ನ ಬದುಕು ತಿಂದವನು ಈಗ ತನ್ನ ದುಃಖವನ್ನೂ ಬಣ್ಣ ಹಚ್ಚಿಕೊಂಡು ತನ್ನದೆಂದು ಅಳುತ್ತಿದ್ದಾನೆ. ಅಳಲಿ, ಆಟದ ದಿನ ಕೇಳುತ್ತೇನೆ ಎಂದು ಹಲ್ಲು ಕಚ್ಚಿ ಕಲಿಸಿದ.

ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ದೀಪವಿಲ್ಲದೆ ರಾತ್ರಿ ಆಟ ಹೇಗೆ? ಮಧ್ಯಾಹ್ನದ ಊಟ ಮುಗಿಸಿ, ಹೊತ್ತು ಮುಳುಗುವುದರೊಳಗೆ ಮುಗಿಸುವುದೆಂದು ತೀರ್ಮಾನವಾಯಿತು. ರಾತ್ರಿ ಆಟದಲ್ಲಿ ಜನ ಕತ್ತಲಲ್ಲಿ ಇರುತ್ತಾರೆ, ರಂಗದ ಮೇಲಿನವರಿಗೆ ಕಾಣುವುದಿಲ್ಲ. ಅವತ್ತು ಸಾರಥಿಯಾಗಿ ನಿಂತ ಪಾಲಣ್ಣನ ಎದುರು ಮುನ್ನೂರು ಮುಖಗಳು ಬಿಸಿಲಿನಲ್ಲಿ ನಿಚ್ಚಳವಾಗಿದ್ದವು. ಮುಂದಿನ ಸಾಲಿನಲ್ಲಿ ಮುದುಕನಾದ ಗೌಡ ಬಂಗಾರಪ್ಪ. ಹೆಂಗಸರ ಕಡೆ ಉಚ್ಚಂಗೆಮ್ಮ, ಅವಳ ಪಕ್ಕ ಪಾಲಣ್ಣನನ್ನು ಎತ್ತಿ ಆಡಿಸಿದ ನೆರೆಮನೆಯ ಅಜ್ಜಮ್ಮ.

ಪರದೆ ಸರಿಯಿತು. ಭುಜಕೀರ್ತಿ, ಕಿರೀಟ, ಗೆಜ್ಜೆ ಕಟ್ಟಿದ ಗಿಡ್ಡಪ್ಪ ರಂಗದ ಹಲಗೆ ಮುರಿಯುವಂತೆ ಕುಣಿದು ಬಂದ. ಸಾರಥಿ ಕೇಳಿದ, ಅವನು ಹೇಳಿದ. ಕೊಳದ ಕಥೆ, ಬಾಗಿಲ ಕಥೆ, ರಾಜನ ಮಾತಿನ ಕಥೆ ಒಂದಕ್ಷರ ಬಿಡದೆ ಒಪ್ಪಿಸಿದ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಗ ಪಾಲಣ್ಣ ತಾಳ ನಿಲ್ಲಿಸಿ, ಕಲಿಸದ ಪ್ರಶ್ನೆ ಕೇಳಿದ.

"ಎಲೈ ಚಂಡವೀರ, ಬಾಗಿಲು ತೆರೆದ ಆ ರಾಜನ ತಮ್ಮನ ಹೆಸರೇನು?"

ಗಿಡ್ಡಪ್ಪ ಬಾಯಿ ತೆರೆದ. ಅವನ ಕಣ್ಣು ಪಾಲಣ್ಣನ ಮುಖದ ಮೇಲೆ ನಿಂತಿತು, ಅಲ್ಲಿಂದ ಅಣ್ಣನ ಮೇಲೆ ಹೋಯಿತು. ಕೆನ್ನೆಯ ಬಣ್ಣ ಬೆವರಿಗೆ ಇಳಿಯತೊಡಗಿತು. ಹನ್ನೆರಡು ವರ್ಷ ಮರೆತದ್ದು ಆ ಒಂದು ಗಳಿಗೆಯಲ್ಲಿ ಅವನಿಗೆ ನೆನಪಾಗಿತ್ತು. ಪಾಲಣ್ಣ ಜನರ ಕಡೆ ತಿರುಗಿದ. ಈಗ ಗೊತ್ತಾಗುತ್ತದೆ ಇವರಿಗೆ, ಈಗ ಏಳುತ್ತಾರೆ, ಅಯ್ಯೋ ಪಾಲಣ್ಣ ಅನ್ನುತ್ತಾರೆ ಎಂದುಕೊಂಡ.

ಯಾರೂ ಏಳಲಿಲ್ಲ. ಒಬ್ಬರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಕೆಲವರು ನೆಲ ನೋಡುತ್ತಿದ್ದರು. ಅಂಜಿನಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಗೌಡ ಶಾಲಿನ ಅಂಚು ಮಡಿಚುತ್ತಿದ್ದ. ಕೊನೆಗೆ ಅಜ್ಜಮ್ಮ ಬೇಸರದಿಂದ ಕೂಗಿ ಹೇಳಿದಳು.

"ಗಿಡ್ಡಪ್ಪಂದೇ ಕೆಲ್ಸ ಅಂತ ನಮ್ಗೆಲ್ಲ ಅವತ್ತೇ ಗೊತ್ತಿತ್ತು ಕಣಪ್ಪ. ಈಗ ಯಾಕದು? ಆಟ ಮುಂದಕ್ಕೆ ಹೋಗ್ಲಿ, ಹೊತ್ತು ಮುಳುಗ್ತೈತೆ."

ಅವತ್ತೇ ಗೊತ್ತಿತ್ತು. ಬಾವಿಯ ಹಗ್ಗ ಅವನ ಕೈಯಿಂದ ಕಿತ್ತುಕೊಂಡಾಗ ಗೊತ್ತಿತ್ತು. ಉಚ್ಚಂಗೆಮ್ಮ ಬರಿಗೊಡ ಹೊತ್ತು ಓಣಿಯಲ್ಲಿ ನಡೆದಾಗ ಪ್ರತಿ ಬಾಗಿಲ ಹಿಂದೆಯೂ ಗೊತ್ತಿತ್ತು. ಇಬ್ಬರ ಮೇಲೆ ಕಟ್ಟಿ ನಿಲ್ಲಿಸಿದ್ದ ಸಿಟ್ಟು ಏರಿ ಒಡೆದು ಮುನ್ನೂರು ಮುಖಗಳ ಮೇಲೂ ಹರಿಯಿತು. ಗೌಡನಿಗಾದರೂ ತಮ್ಮ ಇದ್ದ, ಇವರಿಗೇನಿತ್ತು? ಆ ಮುದುಕಿಯ ಮಡಿಲಲ್ಲಿ ಆಡಿದ್ದನ್ನು ನೆನೆದು ಅವನಿಗೆ ಮೈಯೆಲ್ಲ ಉರಿಯಿತು.

"ಮೇಷ್ಟ್ರೆ, ಮುಂದೇನ್ ಹೇಳ್ಲಿ?" ಗಿಡ್ಡಪ್ಪ ಸಣ್ಣ ದನಿಯಲ್ಲಿ ಕೇಳಿದ.

"ಇಷ್ಟು ಗೊತ್ತಿರೋ ಊರಿಗೆ ಮುಂದಿಂದು ನಾನ್ಯಾಕೆ ಹೇಳಿಕೊಡ್ಲಿ?"

ಪಾಲಣ್ಣ ತಾಳಗಳನ್ನು ಚೀಲಕ್ಕೆ ಹಾಕಿಕೊಂಡು ಹಲಗೆಯಿಂದ ಇಳಿದ. ಯಾರೋ ಕೊಟ್ಟಿದ್ದ ನೀರಿನ ಚೊಂಬನ್ನು ಉಚ್ಚಂಗೆಮ್ಮ ಕುಡಿಯದೆ ಕೆಳಗಿಟ್ಟು ಅವನ ಹಿಂದೆ ಬಂದಳು. ಚಂಡವೀರನನ್ನು ವಾಪಸು ಕರೆಯಬೇಕಾದ ರಾಜ ಕಿರೀಟ ಕಟ್ಟಿಕೊಂಡು ಪರದೆಯ ಹಿಂದೆ ಕೂತೇ ಇದ್ದ.

ಆಮೇಲೂ ಪಾಲಣ್ಣ ಐದಾರು ವರ್ಷ ಆಟ ಕಲಿಸಿದ. ನ್ಯಾಮತಿ ಕಡೆ, ಹೊನ್ನಾಳಿ ಕಡೆ ಚಂಡವೀರನನ್ನೂ ಕುಣಿಸಿದ. ಆದರೆ ಕೊಳದ ಕಥೆ, ರಾಜನ ಕಥೆ ಎಲ್ಲ ತೆಗೆದುಹಾಕಿದ್ದ. ನೀನು ಯಾರು, ನಿನ್ನನ್ನು ಯಾಕೆ ಹೊರಗೆ ಹಾಕಿದರು ಎಂದು ಸಾರಥಿ ಕೇಳಿದರೆ ಅವನ ಚಂಡವೀರ ಕೂತ ಜನರ ಕಡೆ ಕೈ ತೋರಿಸಿ, "ಇವರಿಗೆಲ್ಲ ಗೊತ್ತು, ಇವರನ್ನೇ ಕೇಳು" ಎನ್ನುತ್ತಿದ್ದ. ಯಾವ ಊರಿನಲ್ಲಿ ಆಡಿದರೂ ಆ ಮಾತಿಗೆ ಒಂದಷ್ಟು ಜನ ತಲೆ ತಗ್ಗಿಸುತ್ತಿದ್ದರು.