ಎಣ್ಣೆತಲೆಗೆ ಅಂಟದ ತಂತಿ

ಕೊಬ್ಬರಿ ಎಣ್ಣೆಯ ವಾಸನೆಗೆ ನಿಮಗೇನು ನೆನಪಾಗುತ್ತದೋ ಕಾಣೆ. ನನಗೆ ಮಾತ್ರ ಒಂದು ಆಸ್ಪತ್ರೆ. ಮೊನ್ನೆ ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿ ಅಂಗೈಗೆ ಎಣ್ಣೆ ಸುರಿದುಕೊಂಡಾಗ ಮತ್ತೆ ಅದೇ ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಪಾಣೆಮಂಗಳೂರಿನಲ್ಲಿ ಅಪ್ಪನದು ಹೊಲಿಗೆ ಅಂಗಡಿ. ತಂಗಿ ಸುಮತಿಗೆ ಏಳು ವರ್ಷ. ಸೂಜಿಗೆ ನೂಲು ಪೋಣಿಸೆಂದರೆ ನೂಲು ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. "ಎಡಗಣ್ಣು ಸರಿ ಕಾಣುವುದಿಲ್ಲ," ಎನ್ನುತ್ತಿದ್ದಳು. ನಾನಾಗ ಕಾಲೇಜು ಸೇರಿದ್ದೆ, ಅಂದರೆ ನನಗೆ ತಿಳಿಯದ್ದು ಯಾವುದೂ ಇರಲಿಲ್ಲ. ಅವಳ ಬಲಗಣ್ಣು ಮುಚ್ಚಿಸಿ ಒಂದು ಪೇರಳೆಹಣ್ಣು ಎಸೆದೆ. ಹಿಡಿದುಬಿಟ್ಟಳು! "ಇವಳಿಗೆ ಎಲ್ಲ ಕಾಣ್ತದೆ ಅಪ್ಪ, ಕೆಲಸ ತಪ್ಪಿಸ್ಲಿಕ್ಕೆ ನಾಟಕ," ಎಂದು ತೀರ್ಪು ಕೊಟ್ಟೆ. ಅಂದಿನಿಂದ ಮನೆಯಲ್ಲಿ ಅವಳು ಸುಳ್ಳುಬುರುಕಿ.

ಎರಡು ವರ್ಷದ ಮೇಲೆ ಶಾಲೆಯವರ ಒತ್ತಾಯಕ್ಕೆ ಮೂಡುಬಿದಿರೆಯ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು. ಕನ್ನಡಕ ಹಾಕಿಸಿದರೂ ಎಡಗಣ್ಣಿಗೆ ಅಕ್ಷರ ಕಾಣದಿರಲು ಅವರು ನಗರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು; ಕಣ್ಣು ಕಂಡದ್ದು ಮಿದುಳಿಗೆ ಮುಟ್ಟುತ್ತದೋ ಎಂದು ಅಳೆಯುವ ಮೆಷಿನ್ ಅಲ್ಲಿತ್ತು. "ಸುಳ್ಳೋ ನಿಜವೋ ಮೆಷಿನ್ ಹೇಳ್ತದೆ," ಎಂದರು ಅಪ್ಪ. ಪೇಟೆಗೆ ಹೊರಟ ಹುಡುಗಿ ಒಣತಲೆಯಲ್ಲಿ ಹೋಗುವುದುಂಟೇ? ನಾನೇ ಅರ್ಧ ಕುಪ್ಪಿ ಎಣ್ಣೆ ತಿಕ್ಕಿ ಬಿಗಿಯಾಗಿ ಎರಡು ಜಡೆ ಹಾಕಿದೆ.

ಆಸ್ಪತ್ರೆಯಲ್ಲಿ ಅವಳ ತಲೆಯ ಹಿಂಭಾಗಕ್ಕೆ ಅಂಟಿಸಿದ ತಂತಿಯ ಬಿಲ್ಲೆಗಳು ಒಂದೊಂದಾಗಿ ಜಾರಿದವು. ತೆರೆಯ ಮೇಲೆ ಬರೀ ಗೀಚು. "ಏನೂ ಸರಿ ಬರುವುದಿಲ್ಲ," ಎಂದರು ಮೆಷಿನಿನವರು. ಅಪ್ಪ ಸುಮತಿಯನ್ನು ದುರುಗುಟ್ಟಿ ನೋಡಿದರು.

"ಮಗುವನ್ನು ಯಾಕೆ ನೋಡ್ತೀರಿ ಮಾರಾಯ್ರೆ? ಈ ಎಣ್ಣೆ ಹಾಕಿದ್ದು ಯಾರು?" ಎಂದು ಮೆಷಿನಿನವರೇ ಗದರಿದರು.

ನಾನು ತಿರುಗುವ ಫ್ಯಾನು ನೋಡಿದೆ.

ನಳ್ಳಿಯ ಕೆಳಗೆ ಬಟ್ಟೆ ಸೋಪಿನಲ್ಲಿ ಮೂರು ಸಲ ತಲೆ ತೊಳೆಸಿದೆ. ಕಣ್ಣಿಗೆ ಬೆಳಕು ಮಿಂಚಿಸಿ ಅಕ್ಷಿಪಟಲ ಪರೀಕ್ಷಿಸಿದರು, ಎರಡೂ ಸಮ. ಆಮೇಲೆ ಅವಳು ಒಂದೊಂದೇ ಕಣ್ಣಲ್ಲಿ ನೋಡುತ್ತಿದ್ದಂತೆ ಟಿ.ವಿ.ಯಲ್ಲಿ ಕಪ್ಪು ಬಿಳಿ ಚೌಕಗಳು ಅದಲುಬದಲಾದವು. ಬಲಗಣ್ಣಿನ ಸರದಿಯಲ್ಲಿ ಮಿದುಳಿನಿಂದ ಎತ್ತರದ ಅಲೆ ಬಂತು. ಎಡಗಣ್ಣಿನದಕ್ಕೆ, ಬಂದೂ ಬಾರದ ಹಾಗೆ ಸಣ್ಣದೊಂದು ಉಬ್ಬು.

"ಕಣ್ಣು ಅದರ ಕೆಲಸ ಮಾಡ್ತಾ ಉಂಟು," ಎಂದರು ಅಲ್ಲಿನ ಡಾಕ್ಟರು. "ಮಿದುಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ."

"ಪೇರಳೆ ಹಿಡಿದಳಲ್ಲ?" ಎಂದೆ.

"ದೊಡ್ಡದು ಕಾಣ್ತದೆ, ಸಣ್ಣದು ಕಾಣುವುದಿಲ್ಲ. ಹುಡುಗಿ ಹೇಳಿದ್ದು ನಿಜ. ಎರಡು ವರ್ಷ ಮೊದಲೇ ಬರಬೇಕಿತ್ತು."

ಹಿಂತಿರುಗುವ ಬಸ್ಸಿನಲ್ಲಿ ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು, ಒಂಬತ್ತು ವರ್ಷದವಳನ್ನು. ಎಡಗಣ್ಣಿಗೆ ಕೆಲಸ ಕಲಿಸಲೆಂದು ಒಳ್ಳೆಯ ಕಣ್ಣಿಗೆ ವರ್ಷವಿಡೀ ಪಟ್ಟಿ ಕಟ್ಟಿದರೂ ಅದರ ನೋಟ ಅರ್ಧದಷ್ಟೇ ಮರಳಿತು. ಸುಮತಿ ನನ್ನನ್ನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊನ್ನೆ ಮೊಮ್ಮಗಳು ಮಣೆಯ ಮೇಲಿಂದಲೇ ಹೇಳಿದಳು, "ಅಜ್ಜಿ, ಬೋರ್ಡಿನಲ್ಲಿ ಬರೆದದ್ದು ನನಗೆ ಕಾಣುವುದಿಲ್ಲ."

ಶಾಲೆ ತಪ್ಪಿಸ್ಲಿಕ್ಕೆ ನಾಟಕ, ಎಂಬ ಮಾತು ನಾಲಗೆಯ ತುದಿಗೇ ಬಂತು. ನುಂಗಿದೆ.

"ಏಳು, ಡಾಕ್ಟರ ಹತ್ತಿರ ಹೋಗುವ."

"ತಲೆಗೆ ಎಣ್ಣೆ?"

ಅಂಗೈಯಲ್ಲಿದ್ದುದನ್ನು ನನ್ನ ತಲೆಗೇ ಒರೆಸಿಕೊಂಡೆ.