ಫೋಟೋಗೆಂದು ತಂದ ಬೆಲ್ಟು

ಶಿರಾದ ರಿಯಾಜನಿಗೆ ನೆಲದ ಮೇಲೆ ಓಡಾಡುವವರ ಬಗ್ಗೆ ಎಂದೂ ಅಷ್ಟಾಗಿ ಗೌರವವಿರಲಿಲ್ಲ. ಮೊಬೈಲ್ ಟವರ್ ಹತ್ತುವ ಕೆಲಸಕ್ಕೆ ಸೇರಿದ ಮೇಲಂತೂ ಇದ್ದಬದ್ದದ್ದೂ ಹೋಯಿತು. ಸಿಗ್ನಲ್ ಇಲ್ಲವೆಂದು ಸರ್ಕಾರವನ್ನೂ ದೇವರನ್ನೂ ಬೈಯುವ ಜನ, ಅದನ್ನು ಸರಿಮಾಡಲು ಹತ್ತಿದವನನ್ನು ಕತ್ತೆತ್ತಿ ನೋಡಿ, "ಬೀಳ್ತಾನೆ ನೋಡ್ಲಾ" ಎನ್ನುತ್ತಾರೆ. ಥೂ, ಎಂಥ ಜನ! ಅಪ್ಪ ಕರೀಮ್ ಸಾಬ್ ಪಾತ್ರೆಗೆ ಕಲಾಯಿ ಹಾಕುತ್ತ ಆಯಸ್ಸೆಲ್ಲ ನೆಲದಲ್ಲಿ ಕೂತೇ ಕಳೆದಿದ್ದರು. ಮಗ ಮಧುಗಿರಿ, ಕೊರಟಗೆರೆ, ಪಾವಗಡದ ಟವರುಗಳ ತುದಿಯಲ್ಲಿ ಕೂತು ಬೀಡಿ ಸೇದಿ ಬಂದ.

ಅವನ ತಿರಸ್ಕಾರದ ಸಿಂಹಪಾಲು ಸಂದದ್ದು ಸೂಪರ್‌ವೈಸರ್ ಮೋಹನ್ ಕುಮಾರನಿಗೆ. ಮನೆಯ ಮಾಳಿಗೆ ಹತ್ತಿದರೇ ತಲೆ ಸುತ್ತುವ ಮಹಾಶಯ. ಬಾಯಿ ಬಿಟ್ಟರೆ ಮಾತ್ರ, "ಸೇಫ್ಟಿ ಮುಖ್ಯ ಕಣ್ರಪ್ಪ, ಸೇಫ್ಟಿ!" ಆ ಸೇಫ್ಟಿಗೆಂದು ಅವನ ಕಂಟ್ರಾಕ್ಟರು ಕೊಡಿಸಿದ್ದು ಮೂರು ಗ್ಯಾಂಗಿಗೆ ಒಂದೇ ಬೆಲ್ಟು. ಎದೆಗೂ ತೊಡೆಗೂ ಪಟ್ಟಿ, ಹಗ್ಗದ ತುದಿಗಳಲ್ಲಿ ಎರಡು ಕೊಕ್ಕೆ. ಒಂದು ಕೊಕ್ಕೆ ಬಿಚ್ಚುವ ಮುಂಚೆ ಇನ್ನೊಂದನ್ನು ಟವರಿನ ಕಬ್ಬಿಣಕ್ಕೆ ಸಿಕ್ಕಿಸಬೇಕು. ಆಗ ಕೈ ತಪ್ಪಿದರೂ ಮನುಷ್ಯ ನೇತಾಡುತ್ತಾನೆಯೇ ಹೊರತು ಬೀಳುವುದಿಲ್ಲ. ಆ ಬೆಲ್ಟು ಅಂಗಡಿಯಿಂದ ತಂದ ಹಾಗೇ ಫಳಫಳ ಎನ್ನುತ್ತಿತ್ತು. ಒಂದು ದಿನವೂ ಅದು ಟವರ್ ಹತ್ತಿದ್ದರೆ ತಾನೆ?

ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಬೆಲ್ಟು ಹಾಕಿ ನಿಂತ ಫೋಟೋ ಕಂಪನಿಗೆ ಹೋಗಬೇಕು, ಅಲ್ಲಿಂದ ಅಪ್ಪಣೆ ಬಂದ ಮೇಲೆ ಹತ್ತಬೇಕು. ಟವರೇ ಸತ್ತಿರುವ ಊರಿನಿಂದ ಫೋಟೋ ಹೋಗುವುದು ಹೇಗೆ? ಮೋಹನ್ ಕುಮಾರ ಫೋಟೋ ಹೊಡೆದುಕೊಂಡು ಸಿಗ್ನಲ್ ಸಿಗುವವರೆಗೆ ಬೈಕ್ ಓಡಿಸುತ್ತಿದ್ದ, ಇವರು ಅಪ್ಪಣೆಗೆ ಕಾಯದೆ ಹತ್ತುತ್ತಿದ್ದರು. ಹೋಗುವಾಗ ಬೆಲ್ಟನ್ನೂ ಬಿಚ್ಚಿಸಿಕೊಳ್ಳುತ್ತಿದ್ದ, ಮುಂದಿನ ಊರಿನಲ್ಲಿ ಇನ್ನೊಂದು ಗ್ಯಾಂಗು ಫೋಟೋಗೆ ಕಾಯುತ್ತಿರುತ್ತಿತ್ತಲ್ಲ. ಹಿಂದೆ ಸ್ಟುಡಿಯೋ ಗೋಡೆಯ ಮೇಲಿದ್ದ ಒಂದೇ ಕೋಟನ್ನು ಊರಿನವರೆಲ್ಲ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದ ಹಾಗೆ. ರಿಯಾಜನಿಗೆ ಇದೊಂದು ತಮಾಷೆ. ಬೆಲ್ಟು ಬೇಕಾಗುವುದು ಪುಕ್ಕಲರಿಗೆ ಎಂದೇ ಅವನು ನಂಬಿದ್ದ.

ಅವನ ಜೋಡಿ, ಕಳ್ಳಂಬೆಳ್ಳದ ಯುವರಾಜನಿಗೆ ಮಾತ್ರ ಇದು ತಮಾಷೆ ಅನ್ನಿಸಲಿಲ್ಲ. ಬಲಸಮುದ್ರದಲ್ಲಿ ಗಾಳಿ ಜೋರಾಗಿದ್ದ ಒಂದು ದಿನ, ಫೋಟೋ ಆದ ಮೇಲೂ ಅವನು ಎದೆಯ ಪಟ್ಟಿ ಹಿಡಿದುಕೊಂಡೇ ನಿಂತ.

"ಇವತ್ತೊಂದಿನ ಇರ್ಲಿ ಬುಡಿ ಸಾ. ಗಾಳಿ ಬಾಳ ಐತೆ."

"ಮಧುಗಿರೀಲಿ ಕಾಯ್ತಾವ್ರೆ ಕಣೋ, ತೆಗಿ!" ಎಂದ ಮೋಹನ್ ಕುಮಾರ ತಾನೇ ಕೈಹಾಕಿ ಬೆಲ್ಟು ಬಿಚ್ಚಿಕೊಂಡ.

ರಿಯಾಜ್ ಹಲ್ಲು ಕಿರಿದ. "ಅಷ್ಟು ಹೆದ್ರಿಕೆ ಆದ್ರೆ ನಿಮ್ಮವ್ವನ ಸೆರಗು ಕಟ್ಕೊಂಡು ಹತ್ಲಾ."

ಯುವರಾಜ್ ಹತ್ತಿದ. ಬೋಲ್ಟು ಬಿಗಿಯಲು ಎರಡೂ ಕೈ ಸ್ಪ್ಯಾನರಿಗೆ ಕೊಟ್ಟಾಗ ಗಾಳಿ ಅವನನ್ನು ತಳ್ಳಿತು. ಕೆಳಗಿನ ಶೆಡ್ಡಿನ ತಗಡಿನ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಸೊಂಟ ಮುರಿಯಿತು.

ವಿಚಾರಣೆಗೆಂದು ಕಂಪನಿಯ ಸೇಫ್ಟಿ ಆಫೀಸರ್ ಪ್ರಭುದೇವ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೋಹನ್ ಕುಮಾರ ಫೋಟೋ ಮುಂದೆ ಹಿಡಿದ. "ನೋಡಿ ಸಾರ್, ಬೆಲ್ಟು ಕೊಟ್ಟಿದ್ವಿ. ಮೇಲೆ ಹೋಗಿ ಇವನೇ ಬಿಚ್ಚಿದಾನೆ." ಪ್ರಭುದೇವ್ ತಲೆಯಾಡಿಸಿದ. ತಪ್ಪು ಯುವರಾಜನದೇ, ಚಿಕಿತ್ಸೆಗೂ ಪರಿಹಾರಕ್ಕೂ ಕಂಪನಿ ಹೊಣೆಯಲ್ಲ ಎಂದು ತೀರ್ಮಾನವಾಯಿತು. ಪಕ್ಕದಲ್ಲೇ ಇದ್ದ ರಿಯಾಜ್, ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡ.

ತುಮಕೂರಿನ ಆಸ್ಪತ್ರೆಯಲ್ಲಿ ಯುವರಾಜನ ತಾಯಿ ದಾಸಮ್ಮ, ನೋಡಲು ಹೋದ ರಿಯಾಜನ ಕೈ ಹಿಡಿದುಕೊಂಡಳು. "ಇವ್ನು ನಾ ಬಿಚ್ಚಿಲ್ಲ ಅಂತಾನೆ, ಅವ್ರು ಫೋಟೋ ತೋರುಸ್ತಾರೆ. ಕೊಬ್ಬಿಗೆ ಬಿದ್ದ ಅಂತ ಊರೆಲ್ಲ ಆಡ್ಕಂತೈತೆ. ನೀನೇ ಹೇಳಪ್ಪ, ಯಾವುದ್ ನಿಜ?"

ಯುವರಾಜ್ ಗೋಡೆಯ ಕಡೆ ಮುಖ ಮಾಡಿದ್ದ. ರಿಯಾಜ್, "ವಿಚಾರುಸ್ತೀನಿ ಕಣಮ್ಮ" ಎಂದು ಗೊಣಗಿ ಹೊರಗೆ ಬಂದ. ವಿಚಾರಿಸುವುದಂತೆ! ಕಣ್ಣಾರೆ ಕಂಡದ್ದನ್ನು ಯಾರ ಹತ್ತಿರ ವಿಚಾರಿಸುತ್ತಾನೆ? ಮೋಹನ್ ಕುಮಾರನಿಗಿಂತ ಕೀಳಾದವನೊಬ್ಬ ಇದ್ದಾನೆಂದು ಅವನಿಗೆ ಅವತ್ತು ಗೊತ್ತಾಯಿತು.

ಮುಂದಿನ ಕೆಲಸ ನಿಡುಗಲ್ಲಿನಲ್ಲಿ ಬಿತ್ತು. ರಿಯಾಜ್ ಬೆಲ್ಟು ಹಾಕಿ ನಿಂತ, ಮೋಹನ್ ಕುಮಾರ ಫೋಟೋ ಹೊಡೆದ, "ತೆಗಿ" ಎಂದು ಕೈ ಚಾಚಿದ. ರಿಯಾಜ್ ಅವನ ಕೈಯನ್ನೊಮ್ಮೆ ನೋಡಿ, ಒಂದು ಕೊಕ್ಕೆಯನ್ನು ಏಣಿಗೆ ಸಿಕ್ಕಿಸಿ ಹತ್ತತೊಡಗಿದ.

"ಲೇ, ಬೆಲ್ಟು ಕಣೋ! ಕೊರಟಗೆರೆಯೋರು ಫೋಟೋಗೆ ಕಾಯ್ತಾವ್ರೆ, ಇಳಿಯೋ!"

"ಬೇಕಾದ್ರೆ ಮ್ಯಾಕ್ ಬಂದು ಬಿಚ್ಕೊಳಿ ಸಾ."

ಮೋಹನ್ ಕುಮಾರ ಎರಡು ಮೆಟ್ಟಿಲು ಹತ್ತಿ ಏಣಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ. ಊರಿನವರು ಸೇರಿ ನಕ್ಕರು. ರಿಯಾಜ್ ಮೇಲೆ ಹೋಗಿ, ಎರಡೂ ಕೊಕ್ಕೆ ಸಿಕ್ಕಿಸಿಕೊಂಡು ನಿಧಾನವಾಗಿ ಡಿಶ್ ಸರಿಮಾಡಿದ. ಟವರಿಗೆ ಜೀವ ಬಂದ ಕೂಡಲೇ ಪ್ರಭುದೇವ್‌ಗೆ ಫೋನು ಹಚ್ಚಿದ.

"ಸಾ, ಮೂರು ಗ್ಯಾಂಗಿಗೂ ಇರೋದು ಒಂದೇ ಬೆಲ್ಟು, ಅದು ನನ್ ಮೈಮೇಲೈತೆ. ನಂಬಲ್ಲ ಅಂದ್ರೆ, ಸಿಗ್ನಲ್ ಇರೋ ಪೇಟೇಲಿ ಕಾಯ್ತಿರೋ ಮಧುಗಿರಿ, ಕೊರಟಗೆರೆಯೋರ್‍ಗೆ ಈಗ್ಲೇ ಬೆಲ್ಟು ಹಾಕಿರೋ ಒಂದೊಂದ್ ಫೋಟೋ ಕೇಳಿ. ನೀವ್ ಬರೋಗಂಟ ನಾನ್ ಇಳ್ಯಲ್ಲ."

ಎರಡೂ ಕಡೆಯಿಂದ ಫೋಟೋ ಬರಲಿಲ್ಲ. ಬಂದದ್ದು ಪ್ರಭುದೇವನ ಜೀಪು. ಮೋಹನ್ ಕುಮಾರ ಬೆವರೊರೆಸಿಕೊಂಡು, ಉಳಿದ ಬೆಲ್ಟುಗಳನ್ನು ಒಗೆಯಲು ಹಾಕಿದ್ದೇನೆ ಎಂದ. ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುವ ಯೋಗ್ಯತೆಯೂ ಅವನಿಗಿರಲಿಲ್ಲ. ರಿಯಾಜ್ ಇಳಿದು ಬಂದು ಬಲಸಮುದ್ರದಲ್ಲಿ ನಡೆದದ್ದನ್ನು ಎಲ್ಲರ ಮುಂದೆ ಹೇಳಿದ.

"ಆಯ್ತಪ್ಪ, ಎಲ್ಲರಿಗೂ ಹೊಸ ಬೆಲ್ಟು ತರಿಸೋಣ. ಹಳೇ ವಿಷಯ ಯಾಕೀಗ?" ಎಂದ ಪ್ರಭುದೇವ್ ಮೆಲ್ಲಗೆ.

"ಹಳೇದು ಇನ್ನೂ ಆಸ್ಪತ್ರೆ ಮಂಚದ ಮೇಲೈತೆ ಸಾ."

ಸುತ್ತ ಹತ್ತಾರು ಫೋನುಗಳು ವಿಡಿಯೋ ಹಿಡಿಯುತ್ತಿದ್ದವು. ನ್ಯಾಯಕ್ಕಲ್ಲ, ಆ ಫೋನುಗಳಿಗೆ ಹೆದರಿ ಪ್ರಭುದೇವ್ ತನ್ನ ವರದಿ ತಪ್ಪೆಂದು ಅಲ್ಲೇ ಒಪ್ಪಿಕೊಂಡ. ಕಂಪನಿಯೇ ಚಿಕಿತ್ಸೆ ಕೊಡಿಸುತ್ತದೆ ಎಂದೂ ಹೇಳಬೇಕಾಯಿತು. ರಿಯಾಜನಿಗೆ ಅಷ್ಟು ಸಾಕಾಗಿತ್ತು. ಬೆಲ್ಟು ಕಳಚುವ ಮುಂಚೆಯೇ ದಾಸಮ್ಮನಿಗೆ ಫೋನ್ ಮಾಡಿದ.

"ನಿಮ್ ಮಗ ಬಿಚ್ಚಿಲ್ಲ ಕಣಮ್ಮ. ಬ್ಯಾಡ ಅಂದ್ರೂ ಕಿತ್ಕೊಂಡ್ರು. ಸಾಹೇಬ್ರೂ ಒಪ್ಕೊಂಡವ್ರೆ."

ದಾಸಮ್ಮ ಅದನ್ನು ಮಗನಿಗೆ ಹೇಳಿದ್ದು, ಅವಳು ಮೂಗೊರೆಸಿಕೊಂಡದ್ದು ಕೇಳಿಸಿತು. ಆಮೇಲೆ ಮತ್ತೆ ಫೋನಿಗೆ ಬಂದಳು.

"ಅವ್ರು ಕಿತ್ಕೊಳೋವಾಗ ನೀನೇನ್ ಮಾಡ್ತಿದ್ದೆಯಪ್ಪ?"

ರಿಯಾಜ್ ಎದೆಯ ಪಟ್ಟಿ ಹಿಡಿದುಕೊಂಡ.

"ನಗ್ತಾ ಇದ್ದೆ ಕಣಮ್ಮ."